ಹತ್ತಿರ ಹೋದರೆ ಮೆತ್ತು, ದೂರ ನಿಂತರೆ ನೀರು

ಪ್ರಶ್ನೆ: ಹೊಸ ಮನೆಯ ಪಡಸಾಲೆಗೆಂದು ಹೈದರಾಬಾದಿನಿಂದ ಒಂದು ಪಟ ತಂದೆವು. ನೀಲಿ ಹೊಳೆ, ಅದರ ಮೇಲೆ ಕಿತ್ತಳೆ ಬಣ್ಣದ ಉದ್ದನೆಯ ದೋಣಿ, ದೋಣಿಯಲ್ಲಿ ಇಬ್ಬರು ಹೆಂಗಸರು, ಹಿಂದೆ ರೈಲಿನ ಸೇತುವೆ. ಬಾಗಿಲಲ್ಲಿ ನಿಂತು ನೋಡಿದರೆ ನೀರು ಅಲ್ಲಾಡಿದಂತೆಯೇ ಕಾಣುತ್ತದೆ. ಹತ್ತಿರ ಹೋದರೆ ಬರೀ ಬಣ್ಣದ ಮೆತ್ತು. ಮೂಗು, ಬಾಯಿ ಒಂದೂ ಗುರುತು ಸಿಗುವುದಿಲ್ಲ. ಹೋದ ವರ್ಷ ರಾಯಚೂರಿನಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು ಬಂದ ನಮ್ಮವ್ವ "ಪಟ ನೀರಾಗ ನೆಂದು ಬಣ್ಣ ಕಲಸಿಹೋಗ್ಯಾದ, ನೀಲಿ ಭಾಳ ಆಗ್ಯಾದ, ವಾಪಸ್ ಕೊಟ್ಟು ಬಾ" ಅನ್ನುತ್ತಾಳೆ. ಇದು ಅರ್ಧಕ್ಕೆ ಬಿಟ್ಟ ಚಿತ್ರವೇ? ನಮ್ಮ ಜೂರಾಲದ ಹಿನ್ನೀರನ್ನೂ ತೆಪ್ಪವನ್ನೂ ಹೀಗೆ ಬರೆಯಲು ಬರುತ್ತದೆಯೇ?
ಒಬ್ಬ ಓದುಗ, ಮಖ್ತಲ್

ಉತ್ತರ: ನಿಮ್ಮವ್ವನ ಮಾತು ಓದಿ ನಗು ಬಂತು. ಆಕೆ ಹೇಳಿದ್ದು ಹೊಸದೇನಲ್ಲ. ಇಂಥ ಚಿತ್ರಗಳನ್ನು ಮೊದಲ ಸಲ ಗೋಡೆಗೆ ತೂಗಿದಾಗ ಪ್ಯಾರಿಸ್ಸಿನ ಓದು ಬಲ್ಲ ಪತ್ರಿಕೆಯವರೂ ಹೆಚ್ಚುಕಡಿಮೆ ಇದನ್ನೇ ಬರೆದರು. ಅಂಗಡಿಯವನ ತಪ್ಪೇನೂ ಇಲ್ಲ. ಪಟ ವಾಪಸ್ ಕೊಡಬೇಡಿ.

ನೀವು ಹೇಳಿದ ಗುರುತುಗಳೆಲ್ಲ ಕೂಡಿ ಬರುವುದು ಫ್ರಾನ್ಸಿನ ರೆನ್ವಾ 1875ರಲ್ಲಿ ಬರೆದ 'ಲಾ ಯೋಲ್' ಚಿತ್ರಕ್ಕೆ. ಯೋಲ್ ಅಂದರೆ ಹುಟ್ಟು ಹಾಕುವ ಹಗುರ ದೋಣಿ. ಮೂಲಚಿತ್ರ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಸುಮಾರು 71 ಸೆಂಟಿಮೀಟರ್ ಎತ್ತರ, 92 ಸೆಂಟಿಮೀಟರ್ ಅಗಲ. ಹಳೇ ಮನೆಯ ಕಿಟಕಿಯಷ್ಟು. ಹೊಳೆ ಪ್ಯಾರಿಸ್ಸಿನ ಸೆನ್. ನಿಮ್ಮ ಪ್ರತಿಯಲ್ಲಿ ಸೇತುವೆಯ ಕಡೆ ಇನ್ನೊಮ್ಮೆ ನೋಡಿ, ಹೊಗೆ ಬಿಡುತ್ತ ಒಂದು ರೈಲು ಸೇತುವೆ ಹತ್ತಲು ಬರುತ್ತಿದೆ. ಬಹಳ ಜನ ಅದನ್ನು ಗಮನಿಸುವುದೇ ಇಲ್ಲ, ಕಿತ್ತಳೆ ದೋಣಿ ಕಣ್ಣನ್ನು ಅಷ್ಟು ಗಟ್ಟಿಯಾಗಿ ಹಿಡಿದುಕೊಂಡುಬಿಡುತ್ತದೆ.

ಈ ರೆನ್ವಾ ದೊಡ್ಡ ಮನೆತನದವನೇನಲ್ಲ. ತಂದೆ ದರ್ಜಿ, ತಾಯಿಯೂ ಹೊಲಿಗೆಯವಳು. ಹದಿಮೂರನೇ ವಯಸ್ಸಿಗೆ ಪಿಂಗಾಣಿ ಕಾರ್ಖಾನೆಗೆ ಸೇರಿ ತಟ್ಟೆ ಬಟ್ಟಲುಗಳ ಮೇಲೆ ಹೂ ಬರೆಯುತ್ತಿದ್ದ. ಗೆರೆ ಹಿಡಿತದಲ್ಲಿ ಇಲ್ಲದ್ದಕ್ಕೆ ಹೀಗೆ ಬರೆದ ಅಂದುಕೊಳ್ಳುವ ಹಾಗಿಲ್ಲ. ಪಿಂಗಾಣಿಯ ಅಂಚಿಗೆ ಕೂದಲೆಳೆಯ ಗೆರೆ ಎಳೆದ ಕೈ ಅದು. ಮೂಗು ಬಾಯಿ ಬಿಟ್ಟದ್ದು ಬೇಕೆಂದೇ.

1874ರ ಏಪ್ರಿಲ್‌ನಲ್ಲಿ ರೆನ್ವಾ, ಮೊನೆ, ಪಿಸ್ಸಾರೊ, ಸಿಸ್ಲೆ, ದೆಗಾ, ಬೆರ್ತ್ ಮೊರಿಸೊ, ಸೆಜಾನ್ ಸೇರಿ ಮೂವತ್ತು ಜನ ಕಲಾವಿದರು ಸರ್ಕಾರಿ ಪ್ರದರ್ಶನದ ಉಸಾಬರಿ ಬೇಡವೆಂದು ತಾವೇ ಒಂದು ಪ್ರದರ್ಶನ ಮಾಡಿದರು. ಜಾಗ, ನದಾರ್ ಎಂಬ ಫೋಟೊಗ್ರಾಫರ್ ಖಾಲಿ ಮಾಡಿದ್ದ ಸ್ಟುಡಿಯೊ. ಅಲ್ಲಿ ಮೊನೆಯ ಒಂದು ಚಿತ್ರವಿತ್ತು: ಲ ಹಾವ್ರ್ ಬಂದರು, ಮಂಜು, ಒಂದು ಕೆಂಪು ಸೂರ್ಯ, ಮುಂದೆ ಎರಡು ಮೂರು ಸಣ್ಣ ದೋಣಿ. ಹೆಸರೇನು ಕೊಡಲಿ ಅಂದಾಗ 'ಇಂಪ್ರೆಷನ್, ಸೂರ್ಯೋದಯ' ಎಂದ. ಮನಸ್ಸಿನ ಮೇಲೆ ಬಿದ್ದ ಅಚ್ಚು, ಅಷ್ಟೆ. ಲೂಯಿ ಲರ್ವಾ ಎಂಬ ಹಾಸ್ಯದ ಬರಹಗಾರ ಆ ಮಾತನ್ನೇ ಹಿಡಿದುಕೊಂಡು, ಗೋಡೆಗೆ ಅಂಟಿಸುವ ಕಾಗದ ಅರ್ಧ ಅಚ್ಚಾಗಿದ್ದರೂ ಇದಕ್ಕಿಂತ ಪೂರ್ತಿಯಾಗಿರುತ್ತದೆ ಎಂದು ಕಿಚಾಯಿಸಿದ. ಬೈಗುಳವೇ ಹೆಸರಾಗಿ ನಿಂತಿತು, ಇಂಪ್ರೆಷನಿಸಂ. ಅಂದರೆ ನಿಮ್ಮ ಮೊದಲ ಪ್ರಶ್ನೆಗೆ ನೂರೈವತ್ತು ವರ್ಷ ದಾಟಿದೆ.

ಪೂರ್ತಿ ಅಂದರೆ ಯಾವುದು ಅನ್ನುವುದರ ಮೇಲೆ ಉತ್ತರ ನಿಂತಿದೆ. ಹೈದರಾಬಾದಿಗೆ ಮತ್ತೆ ಹೋದಾಗ ಸಾಲಾರ್‌ಜಂಗ್ ಮ್ಯೂಸಿಯಮ್ಮಿಗೆ ಹೋಗಿ, ಗಡಿಯಾರದ ಬೊಂಬೆ ನೋಡಿ ಹೊರಬರಬೇಡಿ; ಯುರೋಪಿನ ಚಿತ್ರಗಳ ಕೋಣೆಯಲ್ಲಿ ಕ್ಯಾನಲೆಟ್ಟೊ ಬರೆದ ವೆನಿಸ್ ಇದೆ. ಅಲ್ಲಿ ಕಿಟಕಿಗಳನ್ನು ಎಣಿಸಬಹುದು. ಆತ ಬರೆದದ್ದು ಆ ಊರಿನಲ್ಲಿ ಏನೇನು ಇದೆ ಎಂದು. ರೆನ್ವಾ, ಮೊನೆ ಬರೆಯಲು ಹೊರಟದ್ದು ಒಂದು ಗಳಿಗೆಯಲ್ಲಿ ಏನು ಕಂಡಿತು ಎಂದು. ನೀವು ಪಂಚದೇವಪಹಾಡದಲ್ಲಿ ಕೃಷ್ಣೆಯ ದಂಡೆಯ ಮೇಲೆ ನಿಂತಿದ್ದೀರಿ. ನೂರು ಗಜ ದೂರದಲ್ಲಿ ತೆಪ್ಪ ಬರುತ್ತಿದೆ. ಅದರಲ್ಲಿರುವ ಹೆಣ್ಣುಮಗಳ ಮೂಗು ನಿಮಗೆ ಕಾಣುತ್ತದೆಯೇ? ಸೀರೆಯ ಕೆಂಪು ಕಾಣುತ್ತದೆ, ಅಷ್ಟೆ. ಹಾಗಿದ್ದ ಮೇಲೆ ಮೂಗು ಬರೆದವನು ಸುಳ್ಳು ಬರೆದ ಹಾಗಾಯಿತು. ಆ ಕಾಲದ ಹುಡುಗರು ಹಟ ಹಿಡಿದದ್ದು ಇಷ್ಟಕ್ಕೇ.

ನೀರಿನ ವಿಷಯವಂತೂ ಇನ್ನೂ ಬಿಗಿ. ನೀರಿಗೆ ಸ್ವಂತ ಬಣ್ಣ ಕಡಿಮೆ. ನಿಮ್ಮ ಕಾಲ ಬುಡದಲ್ಲಿ ಬಗ್ಗಿ ನೋಡಿದರೆ ತಳದ ಕಲ್ಲು, ಕೆಸರು ಕಾಣುತ್ತವೆ. ಕಣ್ಣು ದೂರ ಹಾಯಿಸಿದಷ್ಟೂ ನೀರು ಕನ್ನಡಿಯಾಗುತ್ತ ಹೋಗಿ ಆಕಾಶವನ್ನೇ ತೋರಿಸುತ್ತದೆ. ಗಾಳಿ ಬಂತೋ, ಒಂದೊಂದು ಅಲೆಗೂ ಎರಡು ಮಗ್ಗುಲು: ನಿಮ್ಮ ಕಡೆಗಿನ ಮಗ್ಗುಲಲ್ಲಿ ಒಂದು ಬಣ್ಣ, ಆಚೆ ಮಗ್ಗುಲಲ್ಲಿ ಇನ್ನೊಂದು. ಇಂಥ ಸಾವಿರ ಅಲೆಗಳನ್ನು ನುಣ್ಣಗೆ ಬಳಿದರೆ ಎಣ್ಣೆ ಸುರಿದ ನೆಲವಾಗುತ್ತದೆ, ನೀರಾಗುವುದಿಲ್ಲ. ಒಂದು ಅಲೆಗೆ ಒಂದು ಮೆತ್ತು, ಪಕ್ಕದ್ದಕ್ಕೆ ಇನ್ನೊಂದು ಮೆತ್ತು, ಒಂದರ ಮೇಲೊಂದು ಉಜ್ಜದೆ ಬಿಟ್ಟರೆ ದೂರದಿಂದ ಅದು ಅಲ್ಲಾಡುತ್ತದೆ. ಬಾಗಿಲಲ್ಲಿ ನಿಂತಾಗ ನೀವು ಕಂಡದ್ದು ಇದನ್ನೇ. ರೆನ್ವಾ ಮತ್ತು ಮೊನೆ 1869ರ ಬೇಸಿಗೆಯಲ್ಲಿ ಪ್ಯಾರಿಸ್ ಹತ್ತಿರದ ಲಾ ಗ್ರೆನುಯೇರ್ ಎಂಬ ಈಜುಗಟ್ಟೆಯಲ್ಲಿ ಅಕ್ಕಪಕ್ಕ ಕೂತು ಒಂದೇ ನೋಟವನ್ನು ಬರೆಯುತ್ತ ಈ ಮೆತ್ತನ್ನು ಕಲಿತರು.

ಹೊರಗೆ ಕೂತು ಎಣ್ಣೆಬಣ್ಣದಲ್ಲಿ ಬರೆಯುವುದು ಅವರ ಹಿಂದಿನ ತಲೆಮಾರಿಗೆ ಸುಲಭವಿರಲಿಲ್ಲ. ಅರೆದ ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದರು. ಚುಚ್ಚಿ ಹಿಂಡಬೇಕು, ಉಳಿದದ್ದು ಒಣಗಿ ಹೋಗಬೇಕು. 1841ರಲ್ಲಿ ಜಾನ್ ರ‍್ಯಾಂಡ್ ಎಂಬ ಅಮೆರಿಕದ ಕಲಾವಿದ ತವರದ ಟ್ಯೂಬ್ ಕಂಡುಹಿಡಿದ. ಇವತ್ತು ನಾವು ಟೂತ್‌ಪೇಸ್ಟ್ ಒತ್ತುವ ಟ್ಯೂಬಿನ ಅಜ್ಜ ಅದು. ಆ ವರ್ಷವೇ ರೆನ್ವಾ ಹುಟ್ಟಿದ. ಬಣ್ಣ ಜೇಬಿಗೆ ಬಂತು, ಪ್ಯಾರಿಸ್ಸಿನಿಂದ ಹೊಳೆ ದಂಡೆಗೆ ರೈಲೂ ಬಂತು. ಆಮೇಲೆ ಕೇಳಬೇಕೆ?

ಈಗ ಕಿತ್ತಳೆ ದೋಣಿಗೆ ಬರೋಣ. ಅಲ್ಲಿ ಒಂದು ಗುಟ್ಟಿದೆ. ಅದನ್ನು ಪ್ಯಾರಿಸ್ಸಿಗಿಂತ ನಾರಾಯಣಪೇಟೆಯ ಸೀರೆಯಂಗಡಿಯಲ್ಲಿ ಹೇಳುವುದು ಸುಲಭ, ಆದರೂ ಮೊದಲು ಪ್ಯಾರಿಸ್ಸಿನ ಮಾತು ಮುಗಿಸೋಣ.

ಪ್ಯಾರಿಸ್ಸಿನಲ್ಲಿ ಗೊಬೆಲಿನ್ ಅಂತ ರಾಜಮನೆತನದ ಕಾಲದ ನೇಯ್ಗೆ ಕಾರ್ಖಾನೆ. ಅಲ್ಲಿಯ ಬಣ್ಣದ ವಿಭಾಗದ ಮುಖ್ಯಸ್ಥ ಶೆವ್ರಲ್ ಎಂಬ ರಸಾಯನಶಾಸ್ತ್ರಜ್ಞ, ನೂರಾ ಎರಡು ವರ್ಷ ಬದುಕಿದ ಗಟ್ಟಿ ಪಿಂಡ. ಅವನ ಬಳಿ ಒಂದು ತಕರಾರು ಬಂತು: ಕಪ್ಪು ನೂಲಿಗೆ ಬಣ್ಣ ಸರಿಯಾಗಿ ಹಿಡಿದಿಲ್ಲ, ನೇಯ್ದ ಮೇಲೆ ಮಾಸಿದಂತೆ ಕಾಣುತ್ತದೆ. ಆತ ಬಣ್ಣದ ಕಡಾಯಿ ಪರೀಕ್ಷಿಸಿದ. ಬಣ್ಣ ಚೆನ್ನಾಗಿಯೇ ಇತ್ತು. ಕಪ್ಪನ್ನು ಕೆಡಿಸಿದ್ದು ಪಕ್ಕದ ನೀಲಿ ನೂಲು. ಒಂದು ಬಣ್ಣದ ಪಕ್ಕದಲ್ಲಿ ಇನ್ನೊಂದಿಟ್ಟರೆ ಕಣ್ಣು ಎರಡನ್ನೂ ಬದಲಿಸಿಬಿಡುತ್ತದೆ, ಎದುರುಬದುರು ಬಣ್ಣಗಳನ್ನು ಅಕ್ಕಪಕ್ಕ ಇಟ್ಟರೆ ಎರಡೂ ಹೊತ್ತಿಕೊಳ್ಳುತ್ತವೆ ಎಂದು 1839ರಲ್ಲಿ ದಪ್ಪ ಪುಸ್ತಕ ಬರೆದ. ಕೆಂಪಿಗೆ ಹಸಿರು, ಹಳದಿಗೆ ನೇರಳೆ, ನೀಲಿಗೆ ಕಿತ್ತಳೆ.

ಇದನ್ನು ನಂಬದಿದ್ದರೆ ಕಾವಿ ಬಟ್ಟೆಯ ತುಂಡೊಂದನ್ನು ಸುಣ್ಣದ ಗೋಡೆಗೆ ಹಿಡಿದು ಅರ್ಧ ನಿಮಿಷ ರೆಪ್ಪೆ ಬಡಿಯದೆ ನೋಡಿ, ಥಟ್ಟನೆ ಬಟ್ಟೆ ತೆಗೆಯಿರಿ. ಗೋಡೆಯ ಮೇಲೆ ತಿಳಿನೀಲಿ ತುಂಡೊಂದು ತೇಲುತ್ತದೆ. ಆ ನೀಲಿ ಗೋಡೆಯಲ್ಲಿಲ್ಲ, ನಿಮ್ಮ ಕಣ್ಣಿನಲ್ಲಿದೆ. ರೆನ್ವಾ ಕೋಬಾಲ್ಟ್ ನೀಲಿಯ ನೀರಿನ ಮೇಲೆ ಕ್ರೋಮ್ ಕಿತ್ತಳೆಯ ದೋಣಿ ಬಿಟ್ಟದ್ದು ಈ ಲೆಕ್ಕದ ಮೇಲೆ. ಎರಡನ್ನೂ ಹೆಚ್ಚು ಬೆರೆಸದೆ ಟ್ಯೂಬಿನಿಂದ ತೆಗೆದ ಹಾಗೆಯೇ ಹಚ್ಚಿದ. ನಿಮ್ಮವ್ವನಿಗೆ ನೀಲಿ ಭಾಳ ಅನ್ನಿಸಿದ್ದಕ್ಕೆ ಅರ್ಧ ಕಾರಣ ಆ ಕಿತ್ತಳೆ. ಉಳಿದ ಅರ್ಧವನ್ನು ಕೊನೆಗೆ ಹೇಳುತ್ತೇನೆ.

ಇನ್ನು ನಾರಾಯಣಪೇಟೆ. ಹಾಸುನೂಲಿಗೆ ಒಂದು ಬಣ್ಣ, ಹೊಕ್ಕುನೂಲಿಗೆ ಇನ್ನೊಂದು ಬಣ್ಣ ಹಾಕಿ ನೇಯ್ದ ಸೀರೆಯನ್ನು ನೀವು ನೋಡಿಯೇ ಇರುತ್ತೀರಿ. ಹಸಿರು ಹಾಸು, ಕೆಂಪು ಹೊಕ್ಕು ಅನ್ನಿ. ಅಂಗಡಿಯವರು ಮಡಿಕೆ ಬಿಚ್ಚಿ ಸೆರಗನ್ನು ಟ್ಯೂಬ್‌ಲೈಟಿನ ಕೆಳಗೆ ಒಮ್ಮೆ ಹೀಗೆ, ಒಮ್ಮೆ ಹಾಗೆ ಓರೆ ಮಾಡುತ್ತಾರೆ. ಒಮ್ಮೆ ಹಸಿರು ಮೇಲೆ ಬರುತ್ತದೆ, ಒಮ್ಮೆ ಕೆಂಪು. ಕೈಗೆತ್ತಿಕೊಂಡು ಮೂಗಿನ ಹತ್ತಿರ ಹಿಡಿದರೆ ಎರಡು ಬಣ್ಣದ ಎಳೆಗಳು ಬೇರೆಬೇರೆಯಾಗಿ ಕಾಣುತ್ತವೆ, ಯಾವ ಎಳೆಯೂ ಮಿಂಚುವುದಿಲ್ಲ. ಉಟ್ಟುಕೊಂಡವರು ಬೀದಿಯಲ್ಲಿ ಹೋಗುತ್ತಿದ್ದರೆ ಮಾತ್ರ ಆ ಮೂರನೇ ಬಣ್ಣ ಹುಟ್ಟುತ್ತದೆ, ಯಾವ ಕಡಾಯಿಯಲ್ಲೂ ಅದ್ದದ ಬಣ್ಣ. ರೆನ್ವಾನ ಮೆತ್ತು ಈ ಎಳೆ, ಅಷ್ಟೆ. ಸೀರೆಯನ್ನು ಕಣ್ಣಿಗೆ ಅಂಟಿಸಿಕೊಂಡು ಯಾರೂ ಕೊಳ್ಳುವುದಿಲ್ಲ, ಎದುರು ಹಿಡಿದು "ಸ್ವಲ್ಪ ಹಿಂದಕ್ಕೆ ಹೋಗು" ಅನ್ನುತ್ತಾರೆ. ಪಟಕ್ಕೂ ಅದೇ ಮರ್ಯಾದೆ ಕೊಡಿ. ಅವ್ವನಿಗೆ ಈ ಸೀರೆಯ ಮಾತು ಹೇಳಿ ನೋಡಿ, ನನ್ನ ಉಳಿದ ಉತ್ತರವನ್ನು ಓದಿ ಹೇಳುವ ಕಷ್ಟ ನಿಮಗೆ ತಪ್ಪೀತು.

ಜೂರಾಲವನ್ನು ಹೀಗೆ ಬರೆಯಲು ಬರುತ್ತದೆಯೇ ಅಂದಿರಿ. ನನ್ನ ಮಟ್ಟಿಗೆ ಕೃಷ್ಣೆಯ ಆ ತುಂಡು ಇಂಪ್ರೆಷನಿಸ್ಟರಿಗೆ ಹೇಳಿ ಮಾಡಿಸಿದ್ದು.

ತಂಗಡಿ ಹತ್ತಿರ ಭೀಮೆ ಬಂದು ಕೂಡಿದ ಮೇಲೆ ಹೊಳೆ ಅಗಲವಾಗುತ್ತದೆ. ಕೃಷ್ಣಾ ಸ್ಟೇಷನ್ನಿನ ಪಕ್ಕದಲ್ಲಿ ರೈಲು ಸೇತುವೆ. ಮುಂಬಯಿಯಿಂದ ಬಂದ ರೈಲು ರಾಯಚೂರು ಮುಟ್ಟಿ ಮದ್ರಾಸಿನ ದಾರಿಯನ್ನು ಕೂಡಿದ್ದು 1871ರಲ್ಲಿ. ಅದೇ ವರ್ಷದ ಕೊನೆಯಲ್ಲಿ ಮೊನೆ ಸೆನ್ ದಂಡೆಯ ಅರ್ಜಂತೈ ಎಂಬ ಊರಿಗೆ ಸಂಸಾರ ಸಮೇತ ಮನೆ ಮಾಡಿದ. ಅಲ್ಲೂ ರೈಲು ಸೇತುವೆ. ಯುದ್ಧದಲ್ಲಿ ಮುರಿದದ್ದನ್ನು ಹೊಸದಾಗಿ ಕಟ್ಟಿದ್ದರು. ಅದನ್ನು ಅವನು ಮತ್ತೆ ಮತ್ತೆ ಬರೆದ. ದಂಡೆಯ ಕಾರ್ಖಾನೆಗಳ ಹೊಗೆಕೊಳವೆಗಳನ್ನೂ ಬಿಡಲಿಲ್ಲ. ಸುಂದರ ಹೊಳೆಯ ಚಿತ್ರದಲ್ಲಿ ಹೊಗೆ ಯಾಕೆ ಎಂದು ಕೇಳುವ ಜನ ಆಗಲೂ ಇದ್ದರು. ನಿಮ್ಮಲ್ಲಿ ಕೃಷ್ಣಾ ಸೇತುವೆಯ ಮೇಲಿಂದ ನೋಡಿದರೆ ಆಚೆ ದಂಡೆಯಲ್ಲಿ ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಚಿಮಣಿಗಳು, 1985ರಿಂದ ಕಲ್ಲಿದ್ದಲು ಸುಡುತ್ತಿರುವಂಥವು. ಫೋಟೊ ತೆಗೆಯುವವರು ಅವು ಬರದ ಹಾಗೆ ಮೊಬೈಲನ್ನು ಪಕ್ಕಕ್ಕೆ ತಿರುಗಿಸುತ್ತಾರೆ. ಮೊನೆ ಇದ್ದಿದ್ದರೆ ಮುಂಜಾನೆಯ ಆ ಹೊಗೆಯ ಬೂದುನೇರಳೆಗಾಗಿಯೇ ಒಂದು ವಾರ ಅಲ್ಲಿ ಉಳಿಯುತ್ತಿದ್ದ.

ರೆನ್ವಾನಿಗೆ ಮಾತ್ರ ಜೂರಾಲ ಅಣೆಕಟ್ಟಿನ ಹತ್ತಿರವೇ ಜಾಗ ಕೊಡುತ್ತೇನೆ. ಅವನು ಜನರನ್ನು ಬರೆಯುವವನು. ಪ್ಯಾರಿಸ್ಸಿನ ಗುಮಾಸ್ತರು, ಹೊಲಿಗೆ ಹುಡುಗಿಯರು ಭಾನುವಾರ ರೈಲು ಹತ್ತಿ ಹೊಳೆ ದಂಡೆಗೆ ಬಂದು ದೋಣಿ ಬಾಡಿಗೆ ಹಿಡಿದು, ಮೀನು ತಿಂದು, ಕುಣಿದು ಹೋಗುತ್ತಿದ್ದರು. ಅವನ ಚಿತ್ರಗಳಲ್ಲಿ ಕೂತವರು ಅವರೇ. ಜೂರಾಲಕ್ಕೆ 1981ರಲ್ಲಿ ಅಡಿಗಲ್ಲು ಹಾಕಿದವರು ನೀರಾವರಿಯ ಲೆಕ್ಕ ಹಾಕಿದ್ದರು, ಮೀನಿನ ಅಂಗಡಿಗಳ ಲೆಕ್ಕ ಹಾಕಿರಲಿಲ್ಲ. ನಾರಾಯಣಪುರದಿಂದ ನೀರು ಬಿಟ್ಟರೆಂಬ ಸುದ್ದಿ ಬಂದು, ಇಲ್ಲಿ ಅರವತ್ತಕ್ಕೂ ಹೆಚ್ಚು ಗೇಟುಗಳಲ್ಲಿ ಒಂದಿಷ್ಟು ಎತ್ತಿದರೆ ಸಾಕು, ಹೈದರಾಬಾದಿನಿಂದ, ಮೆಹಬೂಬನಗರದಿಂದ, ರಾಯಚೂರಿನಿಂದ ಕಾರುಗಳು ಸಾಲುಗಟ್ಟುತ್ತವೆ. ಕಾದ ಎಣ್ಣೆಯ ಬಾಣಲೆ, ಮಸಾಲೆ ಮೆತ್ತಿದ ಮೀನಿನ ಕಿತ್ತಳೆಗೆಂಪು, ನೀಲಿ ತಾಡಪತ್ರಿಯ ಚಪ್ಪರ, ತಾಡಪತ್ರಿಯಿಂದ ಸೋಸಿ ಬಂದ ನೀಲಿ ಬೆಳಕು ತಿನ್ನುತ್ತ ನಿಂತವರ ಮುಖದ ಮೇಲೆ, ಹಿಂದೆ ಗೇಟಿನ ಬುರುಗು. ನೀಲಿ ಚಪ್ಪರದಡಿ ಕಿತ್ತಳೆ ಮೀನು! ಶೆವ್ರಲ್‌ನ ಪುಸ್ತಕವನ್ನು ಅಂಗಡಿಯವರೇ ಬಾಯಿಪಾಠ ಮಾಡಿದ ಹಾಗಿದೆ.

ತೆಪ್ಪದ ಮಾತಿಗೆ ಬಂದರೆ ನನ್ನ ಫಜೀತಿ ಹೇಳಬೇಕು. ಒಮ್ಮೆ ಕುರುವಪುರಕ್ಕೆ ಹೋಗಲೆಂದು ಪಂಚದೇವಪಹಾಡದ ಕಡೆಯಿಂದ ದಂಡೆಗೆ ಇಳಿದೆ. ನಡುಗಡ್ಡೆ ರಾಯಚೂರು ಜಿಲ್ಲೆಯದು, ಶ್ರೀಪಾದ ಶ್ರೀವಲ್ಲಭರ ಕ್ಷೇತ್ರ, ದಂಡೆ ತೆಲಂಗಾಣದ್ದು, ನಡುವೆ ನೀರು ಯಾವ ಸರ್ಕಾರದ್ದೋ. ಬೆಳಗ್ಗೆ ಆರೂವರೆ. ಚೀಲದಲ್ಲಿ ಸಣ್ಣ ಬಣ್ಣದ ಡಬ್ಬಿ, ಕಾಗದದ ಹಲಗೆ. ದಂಡೆಯ ಮೇಲೆ ತೆಪ್ಪವೊಂದನ್ನು ಬೋರಲು ಹಾಕಿದ್ದರು. ತೆಲುಗಿನವರು ಪುಟ್ಟಿ ಅನ್ನುತ್ತಾರೆ. ಬಿದಿರಿನ ಸೀಳು ಹೆಣೆದ ದೊಡ್ಡ ಬುಟ್ಟಿ. ಹಿಂದೆ ಅದಕ್ಕೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಚೀಲ ಹೊದಿಸಿ ಡಾಂಬರು ಬಳಿಯುತ್ತಾರೆ. ನಾನು ಕೂತು ಮೊದಲು ಅದನ್ನೇ ಬರೆಯತೊಡಗಿದೆ. ತೆಪ್ಪ ಕಪ್ಪು ತಾನೇ, ಕಪ್ಪು ಬಣ್ಣ ಅದ್ದಿ ಬಳಿದೆ. ಕಾಗದದ ನಡುವೆ ತೂತು ಬಿದ್ದ ಹಾಗಾಯಿತು.

ಹಗ್ಗ ಬಿಚ್ಚುತ್ತಿದ್ದ ಅಂಬಿಗರು ಬಗ್ಗಿ ನೋಡಿ, "ಇದೇನ್ರೀ, ಇಷ್ಟು ಕರ್ರಗ ಎಲ್ಲದ? ಮುಂಜಾನಿ ತೆಪ್ಪ ನೋಡ್ರಿ, ನೀಲಿ ಹೊಡೀತದ" ಅಂದರು. ಅವರು ಚಿತ್ರ ನೋಡಿದವರಲ್ಲ, ತೆಪ್ಪ ನೋಡಿದವರು. ಎದ್ದು ನೋಡಿದೆ. ಡಾಂಬರಿನ ಉಬ್ಬಿದ ಬೆನ್ನಿನ ಮೇಲೆ ಆಕಾಶವೆಲ್ಲ ಕೂತಿತ್ತು. ಸೂರ್ಯನ ಕಡೆಯ ಮಗ್ಗುಲಲ್ಲಿ ತಾಮ್ರದ ಒಂದು ಗೆರೆ, ಮೇಲೆ ತಿಳಿನೀಲಿ, ಮರಳಿಗೆ ತಾಗುವ ಅಂಚಿನಲ್ಲಿ ಮರಳಿನದೇ ಕಂದು. ಬಿದಿರಿನ ಸೀಳುಗಳ ಉಬ್ಬು ಡಾಂಬರಿನ ಕೆಳಗಿಂದ ಚೌಕುಳಿ ಚೌಕುಳಿಯಾಗಿ ಮೂಡಿ, ಒಂದೊಂದು ಚೌಕುಳಿಗೂ ಒಂದೊಂದು ಚುಕ್ಕಿ ಬೆಳಕು. ಅಪ್ಪಟ ಕಪ್ಪು ಇದ್ದದ್ದು ಒಂದು ಕಡೆ ಕಿತ್ತುಹೋದ ತೇಪೆಯ ಸಂದಿಯಲ್ಲಿ, ಬೆರಳಗಲ. ಮರಳಿನ ಮೇಲೆ ಬಿದ್ದ ಅದರ ನೆರಳೂ ಕಪ್ಪಲ್ಲ. ಸೂರ್ಯ ತಲುಪದ ಜಾಗಕ್ಕೆ ಬೆಳಕು ಕೊಡುವುದು ಆಕಾಶವೇ ಆದ್ದರಿಂದ ಅದೂ ನೀಲಿ. ನಿಮ್ಮ ಪಟದಲ್ಲಿ ಹುಡುಕಿ, ರೆನ್ವಾ ಕಪ್ಪನ್ನು ಮುಟ್ಟಿಯೇ ಇಲ್ಲ. ಕಡುನೀಲಿಯೇ ಅಲ್ಲಿ ಕಪ್ಪಿನ ಕೆಲಸ ಮಾಡುತ್ತದೆ. ಇದನ್ನು ಪುಸ್ತಕದಲ್ಲಿ ಓದಿದ್ದೆ, ಓದಿಯೂ ಕಪ್ಪು ಬಳಿದಿದ್ದೆ.

ಇನ್ನೊಂದು ತೊಡಕು, ತೆಪ್ಪ ಗುಂಡಗಿದೆ. ರೆನ್ವಾನ ದೋಣಿ ಒಂದು ಗೆರೆ, ಕಣ್ಣನ್ನು ಈ ಕಡೆಯಿಂದ ಆ ಕಡೆ ಕರೆದುಕೊಂಡು ಹೋಗುತ್ತದೆ. ತೆಪ್ಪ ಒಂದು ಚುಕ್ಕಿ. ಅದಕ್ಕೆ ಮುಂದು ಹಿಂದು ಇಲ್ಲ. ಅಂಬಿಗ ಹುಟ್ಟು ಹಾಕುವಾಗ ಬಾಗಿದ ಮೈ, ಹುಟ್ಟಿನ ಓರೆ, ಹಿಂದೆ ಬಿಟ್ಟುಹೋದ ನೀರಿನ ಸೀಳು, ಇವುಗಳಿಂದಲೇ ಅದು ಎತ್ತ ಹೊರಟಿದೆ ಎಂದು ತೋರಿಸಬೇಕು. ಮೊನೆ ಅರ್ಜಂತೈಯಲ್ಲಿ ಒಂದು ದೋಣಿ ಕೊಂಡು ಅದರ ಮೇಲೆ ಮರದ ಗೂಡು ಕಟ್ಟಿಸಿ ನೀರಿನ ನಡುವೆಯೇ ಕೂತು ಬರೆಯುತ್ತಿದ್ದ. ಅವನು ಹಾಗೆ ಕೂತಿರುವುದನ್ನು 1874ರಲ್ಲಿ ಅವನ ಗೆಳೆಯ ಮನೆ ಬರೆದ ಚಿತ್ರವೂ ಇದೆ. (ಒಬ್ಬ ಮೊನೆ, ಒಬ್ಬ ಮನೆ, ಆ ಕಾಲದ ಪ್ಯಾರಿಸ್ಸಿನವರಿಗೇ ಗಲಿಬಿಲಿಯಾಗುತ್ತಿತ್ತು, ನಮ್ಮದೇನು.) ಅದೇ ಹುರುಪಿನಲ್ಲಿ ತೆಪ್ಪದೊಳಗೆ ಹಲಗೆ ಹಿಡಿದು ಕೂತ ನನ್ನ ಪಾಡು ಬೇರೆ. ತೆಪ್ಪ ತಿರುಗುತ್ತದೆ. ಮಖ್ತಲ್ ಕಡೆಯ ದಂಡೆಯನ್ನು ಬರೆಯಲು ಶುರುಮಾಡಿ ರಾಯಚೂರು ದಂಡೆಯನ್ನು ಬರೆದು ಮುಗಿಸಿದೆ. ಎರಡು ರಾಜ್ಯ ಸೇರಿ ಒಂದೇ ದಂಡೆಯಾಯಿತು.

ಆದರೆ ಸೆನ್ ನದಿಯ ಬಣ್ಣವನ್ನು ತಂದು ಕೃಷ್ಣೆಗೆ ಬಳಿಯುವುದು ಬೇಡ. ಬಹಳ ಜನ ಮಾಡುವ ತಪ್ಪು ಇದು. ಪ್ಯಾರಿಸ್ 48 ಡಿಗ್ರಿ ಅಕ್ಷಾಂಶದಾಚೆ ಇದೆ, ನೀವು 16 ಡಿಗ್ರಿಯಲ್ಲಿದ್ದೀರಿ. ಅಲ್ಲಿ ಸೂರ್ಯ ಓರೆಯಾಗಿ ಜಾರುತ್ತಾನೆ. ಜೂನ್ ತಿಂಗಳಲ್ಲಿ ಮುಳುಗಿದ ಮೇಲೂ ನಲವತ್ತು ನಿಮಿಷ ಬಣ್ಣ ಕಾಣುವಷ್ಟು ಬೆಳಕಿರುತ್ತದೆ. ಜೂರಾಲದಲ್ಲಿ ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತಾನೆ, ಇಪ್ಪತ್ತು ಇಪ್ಪತ್ತೈದು ನಿಮಿಷಕ್ಕೆ ಕತ್ತಲು. ನಡುಹಗಲಂತೂ ನೆತ್ತಿಯ ಮೇಲೆ. ನೆರಳು ಕಾಲ ಕೆಳಗೆ ಸೇರಿಕೊಂಡು ಎಲ್ಲವೂ ಚಪ್ಪಟೆ, ನೀರು ತಗಡು. ಹನ್ನೊಂದರಿಂದ ನಾಲ್ಕರವರೆಗೆ ಬರೆಯುವವನಿಗೆ ಅಲ್ಲಿ ಕೆಲಸವಿಲ್ಲ, ಊಟ ಮಾಡಿ ಮಲಗಬಹುದು.

ನೀರಿನ ಬಣ್ಣವೂ ತಿಂಗಳಿಗೊಂದು. ಆಷಾಢ ಶ್ರಾವಣದಲ್ಲಿ ಮೇಲಿನಿಂದ ಹೊಸ ನೀರು ಬಂದಾಗ ಅದು ರಾಡಿಗೆಂಪು. ಆ ಕೆಂಪಿನ ಮೇಲೆ ಮೋಡದ ಬೂದಿ ಬಿದ್ದು ದೂರದಲ್ಲಿ ನೇರಳೆಯಂತೆ ಕಾಣುತ್ತದೆ, ದಂಡೆಯ ಹಸಿರು ಕಣ್ಣು ಕುಕ್ಕುತ್ತದೆ. ಶೆವ್ರಲ್ ಹೇಳಿದ ಕೆಂಪು ಹಸಿರಿನ ಜೋಡಿ. ದೀಪಾವಳಿ ಕಳೆದ ಮೇಲೆ ನೀರು ತಿಳಿಯಾಗಿ ಹಿನ್ನೀರು ನಿಂತ ಕನ್ನಡಿ. 1045 ಅಡಿಯ ಪೂರ್ಣಮಟ್ಟ ತುಂಬಿದ ವರ್ಷ ಜಾಲಿಗಿಡಗಳು ಸೊಂಟದವರೆಗೆ ಮುಳುಗಿ ತಮ್ಮ ನೆರಳಿನ ಮೇಲೆ ತಾವೇ ನಿಂತಿರುತ್ತವೆ. ಬೇಸಿಗೆಯಲ್ಲಿ ಬಂಡೆಗಳು ಎದ್ದುಬರುತ್ತವೆ. ನಿಮ್ಮ ಪಟದ ಕೋಬಾಲ್ಟ್ ನೀಲಿ ನಿಮ್ಮ ಹೊಳೆಯಲ್ಲಿ ಸಿಗುವುದು ವರ್ಷದಲ್ಲಿ ಕೆಲವೇ ವಾರ, ಅದೂ ಬೆಳಗಿನ ಹೊತ್ತು.

ನಮ್ಮವರು ಯಾರೂ ಇದನ್ನು ಮಾಡಿಲ್ಲವೇ ಅಂದರೆ, ಮಾಡಿದ್ದಾರೆ. ಮೈಸೂರು ಅರಮನೆಯ ಚಿತ್ರಗಾರ ಮನೆತನದ ಕೆ. ವೆಂಕಟಪ್ಪನವರ ಊಟಿ, ಕೊಡೈಕೆನಾಲ್ ಜಲವರ್ಣಗಳಲ್ಲಿ ಮಂಜು ಏಳುವ ಗಳಿಗೆ, ಬೆಳದಿಂಗಳ ಗಳಿಗೆ ಬೇರೆಬೇರೆಯಾಗಿ ಸಿಗುತ್ತದೆ. ಆದರೆ ಅವರದು ಒರೆಸಿ ನುಣ್ಣಗೆ ಮಾಡಿದ ಕೈ, ಮೆತ್ತಿನ ಕೈಯಲ್ಲ. ನಿಮ್ಮ ಪಟದ ನಿಜವಾದ ನೆಂಟ ರುಮಾಲೆ ಚನ್ನಬಸವಯ್ಯ (1910–1988). ದೊಡ್ಡಬಳ್ಳಾಪುರದವರು, ಸ್ವಾತಂತ್ರ್ಯ ಹೋರಾಟಗಾರರು, 'ತಾಯಿನಾಡು' ಪತ್ರಿಕೆ ನಡೆಸಿದವರು. ರಾಜಕೀಯದಲ್ಲಿ ತಿರುಗಿ ನಡುವಯಸ್ಸು ದಾಟಿದ ಮೇಲೆ ಮತ್ತೆ ಕುಂಚಕ್ಕೆ ಮರಳಿದರು. ಬೆಂಗಳೂರಿನ ರಸ್ತೆಬದಿಯಲ್ಲಿ, ಲಾಲ್‌ಬಾಗಿನಲ್ಲಿ ಹಲಗೆ ನಿಲ್ಲಿಸಿಕೊಂಡು ಹೂಬಿಟ್ಟ ಮರಗಳನ್ನು ಬರೆದರು. ಗುಲ್‌ಮೊಹರಿನ ಒಂದು ಹೂವಿಗೂ ಎಸಳಿಲ್ಲ, ಬರೀ ಕೆಂಪು ಕಿತ್ತಳೆಯ ಗುದ್ದುಗಳು. ಕೆಳಗೆ ಡಾಂಬರು ರಸ್ತೆಯ ಮೇಲೆ ನೇರಳೆ ನೆರಳು. ಬಿಸಿಲು ಮಾತ್ರ ಸೆನ್ ದಂಡೆಯದಲ್ಲ, ನಮ್ಮದು, ಕಣ್ಣು ಕಿರಿದು ಮಾಡಿಸುವ ಬಿಸಿಲು. ಆ ಕಣ್ಣನ್ನು ಒಂದು ಶ್ರಾವಣಕ್ಕೆ ಜೂರಾಲಕ್ಕೆ ಕರೆತರಲು ಆಗಿದ್ದರೆ ಎಂದು ನಾನು ಆಸೆಪಟ್ಟದ್ದುಂಟು.

ನೀವೋ ಮನೆಯ ಮಕ್ಕಳೋ ಕೈಹಾಕುವುದಾದರೆ ದುಬಾರಿ ಬಣ್ಣ ಬೇಡ. ಪೋಸ್ಟರ್ ಬಣ್ಣ, ಚಪ್ಪಟೆ ಕುಂಚ ಒಂದೇ, ಅರ್ಧ ಗಂಟೆ ಸಮಯ. ಕಪ್ಪು ಬಣ್ಣದ ಸೀಸೆಯನ್ನು ಮನೆಯಲ್ಲೇ ಬಿಟ್ಟು ಹೋಗಿ. ಯಾವ ಬಣ್ಣ ಎಂದು ಅನುಮಾನ ಬಂದಾಗ ಮುಷ್ಟಿಯನ್ನು ಸಡಿಲ ಮಾಡಿ ಕೊಳವೆಯಂತೆ ಹಿಡಿದು ಅದರ ತೂತಿನಿಂದ ನೀರಿನ ಒಂದೇ ಒಂದು ತುಣುಕನ್ನು ನೋಡಿ. ನೀರು ಎಂಬ ಹೆಸರು ಮರೆತುಹೋಗಿ ಬರೀ ಬಣ್ಣ ಉಳಿಯುತ್ತದೆ. ಎಷ್ಟೋ ಸಲ ಅದು ಗುಲಾಬಿ ಆಗಿರುತ್ತದೆ, ನೀವೇ ಬೆಚ್ಚುತ್ತೀರಿ. ಮೊಬೈಲಿನಲ್ಲಿ ಇನ್ನೊಂದು ಆಟವಿದೆ. ಮೊನೆಯ ಆ ಸೂರ್ಯೋದಯದ ಚಿತ್ರ ತೆಗೆದು ಕಪ್ಪುಬಿಳುಪು ಮಾಡಿ. ಸೂರ್ಯ ಹೆಚ್ಚುಕಡಿಮೆ ಮಾಯವಾಗುತ್ತಾನೆ. ಬಣ್ಣದಲ್ಲಿ ಕೆಂಡದಂತೆ ಉರಿಯುವ ಅವನು ಬೆಳಕಿನ ಲೆಕ್ಕದಲ್ಲಿ ಸುತ್ತಲಿನ ಮೋಡದಷ್ಟೇ ಇದ್ದಾನೆ. ಅದಕ್ಕೇ ಅವನು ನೋಡಿದಷ್ಟೂ ಮಿಡಿದಂತೆ ಕಾಣುವುದು.

ಇನ್ನು ಅವ್ವನಿಗೆ ನೀಲಿ ಭಾಳ ಅನ್ನಿಸಿದ್ದಕ್ಕೆ ಬಾಕಿ ಇಟ್ಟ ಅರ್ಧ ಕಾರಣ. ಈ ಇಂಪ್ರೆಷನಿಸ್ಟರ ಕಣ್ಣು ಮಂದವಿತ್ತು, ಅದಕ್ಕೇ ಮಸುಕಾಗಿ ಬರೆದರು ಎಂದು ಹೇಳುವವರಿದ್ದಾರೆ. ಮೊನೆಗೆ ಪೊರೆ ಬಂದದ್ದು ನಿಜ, ಆದರೆ ಗೊತ್ತಾದದ್ದು 1912ರಲ್ಲಿ. ಲ ಹಾವ್ರ್‌ನ ಸೂರ್ಯೋದಯ ಬರೆದು ನಲವತ್ತು ವರ್ಷ ಆಗಿತ್ತು. ಪೊರೆ ಬಲಿತಂತೆ ಕಣ್ಣೊಳಗಿನ ಮಸೂರ ಹಳದಿಗಟ್ಟಿ ನೀಲಿಯನ್ನು ನುಂಗುತ್ತದೆ. ಆ ವರ್ಷಗಳ ಅವನ ತಾವರೆಕೊಳದ ಚಿತ್ರಗಳು ಕಂದುಗೆಂಪಾಗುತ್ತ ಹೋದವು. 1923ರಲ್ಲಿ ಒಂದು ಕಣ್ಣಿಗೆ ಆಪರೇಷನ್ ಆದಮೇಲೆ ಎಲ್ಲ ಅತಿಯಾಗಿ ನೀಲಿ ಕಾಣುತ್ತಿದೆ ಎಂದು ಗೋಳಾಡಿದ. ನಿಮ್ಮವ್ವನಿಗೆ ಹೋದ ವರ್ಷವಷ್ಟೇ ಪೊರೆ ತೆಗೆದಿದ್ದಾರೆ. ಎಷ್ಟೋ ವರ್ಷ ನೀಲಿ ಸರಿಯಾಗಿ ಕಾಣದೆ ಇದ್ದ ಕಣ್ಣಿಗೆ ಈಗ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ನೀಲಿ ಕಾಣುತ್ತಿರಬೇಕು. ಹಳೇ ಸೀರೆಗಳ ಟ್ರಂಕು ತೆಗೆದು ಯಾವುದರ ಬಣ್ಣ ತಾನು ಅಂದುಕೊಂಡದ್ದಕ್ಕಿಂತ ಬೇರೆ ಕಾಣುತ್ತಿದೆ ಎಂದು ಆಕೆಯನ್ನು ಕೇಳಿ, ಸಾಧ್ಯವಾದರೆ ನನಗೂ ಬರೆಯಿರಿ.

ಪಟವನ್ನು ಬಿಸಿಲು ಬೀಳುವ ಗೋಡೆಗೆ ಹಾಕಬೇಡಿ, ಪ್ರಿಂಟಿನ ಬಣ್ಣ ಎರಡು ಬೇಸಿಗೆಗೆ ಹಾರಿಹೋಗುತ್ತದೆ. ಅವ್ವ ಕೂರುವ ಜಾಗದಿಂದ ಹತ್ತು ಅಡಿ ದೂರದ ಗೋಡೆ ಸರಿಹೋದೀತು.